ಎಡ ರ್ಯಾಕಿನ ಇಲಿಗಳು

ಸಂಶೋಧನಾಲಯದ ಇಲಿಮನೆಯಲ್ಲಿ ಎರಡು ರ್ಯಾಕು. ಎಡಗಡೆಯ ಪಂಜರಗಳು ಸಿಡುಕನವು, ಬಲಗಡೆಯವು ಅವನ ಅಕ್ಕನವು. ಏಳನೇ ತರಗತಿಗೇ ಶಾಲೆಗೆ ಬೆನ್ನು ತಿರುಗಿಸಿದ್ದ ಸಿಡುಕನಿಗೆ ಆ ಸಂಶೋಧನಾಲಯದಲ್ಲಿ ಸಿಕ್ಕ ಮರ್ಯಾದೆಯೆಂದರೆ ಒಂದು ಜೊತೆ ಕೈಗವಸು. ಊರಿನವರ ಮೇಲೆಲ್ಲ ಉರಿದುಬೀಳುವವನು ಇಲಿಗಳ ಮುಂದೆ ಮಾತ್ರ ಬೆಣ್ಣೆ.

"ನನ್ನವು ನೋಡಕ್ಕ, ಕೈಗೆ ತಗೊಂಡ್ರೆ ಅಲುಗಾಡಲ್ಲ. ನಿನ್ನವು ಬರೀ ಒದ್ದಾಡ್ತಾವೆ."

"ನನ್ನವಕ್ಕೆ ಜೀವ ಇದೆ ಕಣೋ."

ಅಲ್ಲಿನ ವಿಜ್ಞಾನಿ ಮೇಡಂ ಆರು ತಿಂಗಳಿಂದ ನೋವಿನ ಔಷಧಿಯೊಂದನ್ನು ಪರೀಕ್ಷಿಸುತ್ತಿದ್ದರು. ಬಿಸಿ ತಾಗಿದರೆ ನರದ ತುದಿಯ ಗ್ರಾಹಕವೆಂಬ ಪ್ರೋಟೀನು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಔಷಧಿ ಅದರ ಬಾಯಿ ಮುಚ್ಚಿಸಬೇಕು. ಎಡ ರ್ಯಾಕಿಗೆ ಔಷಧಿ, ಬಲಕ್ಕೆ ಬರೀ ಉಪ್ಪುನೀರು. ಅವರವರ ಇಲಿಗಳನ್ನು ಅವರವರೇ ತರುವುದು, ಬಿಸಿ ತಟ್ಟೆಯ ಮೇಲೆ ಬಿಟ್ಟ ಇಲಿ ಕಾಲು ನೆಕ್ಕಿದ ಕೂಡಲೇ ಎತ್ತಿ, ಸೆಕೆಂಡು ಬರೆದುಕೊಳ್ಳುವುದು. ಬಲದವು ಎಂಟಕ್ಕೇ ನೆಕ್ಕುತ್ತಿದ್ದವು. ಎಡದವು ಹದಿನಾಲ್ಕರವರೆಗೂ ಸುಮ್ಮನೆ. ಮೇಡಂ ಮುಖ ಅರಳಿತ್ತು.

ಅಷ್ಟರಲ್ಲಿ ಅಕ್ಕನ ಮಣಿಕಟ್ಟು ಉಳುಕಿತು. ಒಂದು ದಿನ ಎರಡೂ ರ್ಯಾಕಿನ ಇಲಿಗಳನ್ನು ಸಿಡುಕನೇ ಹೊತ್ತು ತಂದ. ಅಂದು ಉಪ್ಪುನೀರಿನ ಇಲಿಗಳೂ ಹದಿಮೂರು ಮುಟ್ಟಿದವು. ಮೇಡಂ "ತಟ್ಟೆ ಕೆಟ್ಟಿದೆ" ಎಂದು ಆ ಹಾಳೆಗೆ ಅಡ್ಡಗೆರೆ ಎಳೆದರು.

"ತಟ್ಟೆ ಅಲ್ಲ ಮೇಡಂ. ಇವತ್ತು ಬಲದವನ್ನೂ ತಂದಿದ್ದು ನಾನು."

"ಯಾರು ತಂದ್ರೇನಪ್ಪ, ಇಲಿ ಇಲಿನೇ ತಾನೆ?"

ಸಿಡುಕನ ಕಿವಿ ಬಿಸಿಯಾಯಿತು. "ಮೂರು ವರ್ಷ ಇವುಗಳ ಉಚ್ಚೆ ತೊಳೆದೋನು ಹೇಳ್ತಿದೀನಿ. ನಾನು ಹತ್ರ ಇದ್ರೆ ಅವಕ್ಕೆ ಧೈರ್ಯ. ನಿಮ್ಮ ಔಷಧಿ ಏನೂ ಮಾಡ್ತಿಲ್ಲ. ಅಕ್ಕನೇ ತರಲಿ, ತಟ್ಟೆ ಪಕ್ಕ ನನ್ನ ಅಂಗಿ ಇಡಿ, ನೋಡಿ. ತಪ್ಪಾದ್ರೆ ನಾಳೆಯಿಂದ ಬರಲ್ಲ."

ಅಕ್ಕ ಅವನ ತೋಳು ಜಗ್ಗಿದಳು. ಅವನು ಜಗ್ಗಲಿಲ್ಲ.

ಮೇಡಂ ಒಳ್ಳೆಯವರೋ, ಇಲ್ಲ ಹೆದರಿದರೋ, ಅಂತೂ ಅಕ್ಕನ ಕೈ ಸರಿಹೋದ ಮೇಲೆ ಪರೀಕ್ಷೆ ಮಾಡಿದರು. ಬೆವರಿದ ಅಂಗಿ ಪಕ್ಕದಲ್ಲಿತ್ತು. ಔಷಧಿ ಯಾವ ಇಲಿಗೂ ಕೊಟ್ಟಿರಲಿಲ್ಲ. ಹದಿಮೂರು. ಹದಿನಾಲ್ಕು. ಹದಿಮೂರು. ಇಲಿಗಳ ರಕ್ತವನ್ನೂ ತೆಗೆದು ನೋಡಿದರು. ಎರಡು ದಿನ ಬಿಟ್ಟು ಅವನನ್ನು ಕರೆದು ಕುರ್ಚಿ ತೋರಿಸಿದರು.

"ಕೂತ್ಕೊಳಿ. ನೀವು ಹೇಳಿದ್ದು ನಿಜ. ನನ್ನ ಆರು ತಿಂಗಳು ನೀರುಪಾಲು. ಎಲ್ಲ ಮೊದಲಿಂದ ಮಾಡ್ಬೇಕು."

ಗೆದ್ದ ಸಿಡುಕ ಮೊದಲ ಸಲ ಆ ಕುರ್ಚಿಯಲ್ಲಿ ಕೂತ. "ಧೈರ್ಯ ಅಂದ್ನಲ್ಲ ಮೇಡಂ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಧೈರ್ಯ ಅಲ್ಲ. ಗಂಡಸರ ಬೆವರಿನ ವಾಸನೆ ಮೂಗಿನ ಗ್ರಾಹಕಕ್ಕೆ ತಾಗಿದ್ರೆ ಇಲಿಗೆ ಯಾವುದೋ ಗಂಡು ಪ್ರಾಣಿ ಮೇಲೆ ಬಿತ್ತು ಅನ್ಸುತ್ತೆ. ಮೈತುಂಬ ಭಯದ ಹಾರ್ಮೋನು. ಅಷ್ಟು ಹೆದರಿದಾಗ ಕಾಲು ಸುಡೋದೂ ಗೊತ್ತಾಗಲ್ಲ. ನಿಮ್ಮ ತಪ್ಪಲ್ಲ, ಯಾವ ಗಂಡಸಾದ್ರೂ ಅಷ್ಟೇ."

ಅವನು ಬೈಯಲು ಯಾರನ್ನಾದರೂ ಹುಡುಕಿದ. ಯಾರೂ ಸಿಗಲಿಲ್ಲ.

ಇಲಿಮನೆಗೆ ಹೋಗಿ ಒಂದನ್ನು ಅಂಗೈಗೆ ತೆಗೆದುಕೊಂಡ. ಅದು ಎಂದಿನಂತೆ ಕಲ್ಲಾಗಿ ಕೂತಿತು. ಪಕ್ಕೆಲುಬಿನಡಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಇದನ್ನೂ ಮೂರು ವರ್ಷದಿಂದ ಬಲ್ಲ, ಖುಷಿ ಎಂದುಕೊಂಡಿದ್ದ. ಮೆಲ್ಲಗೆ ಪಂಜರಕ್ಕೆ ಬಿಟ್ಟ.

ಮರುದಿನದಿಂದ ಅವನು ಗಾಜಿನಾಚೆಯ ಕೋಣೆಯಲ್ಲಿ ಖಾಲಿ ಪಂಜರಗಳನ್ನು ಉಜ್ಜಿದ. ಎರಡೂ ರ್ಯಾಕು ಅಕ್ಕನವಾದವು. ವಾರ ಕಳೆದ ಮೇಲೆ ಎಡ ರ್ಯಾಕಿನ ಇಲಿಯೊಂದು ಅವಳ ಕೈಯಲ್ಲಿ ತಿರುಚಿಕೊಂಡು ಕೈಗವಸು ಕಚ್ಚಿತು.

"ನಿನ್ನವೂ ಒದ್ದಾಡೋಕೆ ಶುರು ಮಾಡಿದ್ವು ಕಣೋ," ಎಂದಳು ಅಕ್ಕ, ಬಾಗಿಲು ತುಸುವೇ ತೆರೆದು.

"ಒದ್ದಾಡ್ಲಿ ಬಿಡು," ಎಂದು ಅವನು ಬಾಗಿಲು ಮುಚ್ಚಿದ.