ಅಧಿಕ ಮಾಸದಲ್ಲಿ ಸಿಕ್ಕಿಕೊಂಡ ಅಪೀಲು

ಎಲ್ಲಿಂದ ಶುರು ಮಾಡಲಿ? ಗಡುವು ಮುಗಿದ ದಿನದಿಂದ ಶುರು ಮಾಡಿದರೆ ನೀವು ಭಾನುಮತಿಯನ್ನು ಪೆದ್ದಿ ಅಂದುಕೊಳ್ಳುತ್ತೀರಿ. ಪತ್ರ ಬಂದ ದಿನದಿಂದಲೇ ಆಗಲಿ.

೧. ೨೦೨೦ರ ಸೆಪ್ಟೆಂಬರಿನ ಮೊದಲ ದಿನ, ಡಬ್ಲಿನ್ನಿನ ಸ್ಯಾಂಟ್ರಿ ಬಡಾವಣೆ. ಹೋಟೆಲೊಂದರ ರಿಸೆಪ್ಶನ್ನಿನಲ್ಲಿದ್ದ ಭಾನುಮತಿಯ ಕೆಲಸ ಹೋಗಿತ್ತು. ನಿರುದ್ಯೋಗ ಭತ್ಯೆ ಕೇಳಿದ್ದಕ್ಕೆ, ‘ನೀವಾಗಿಯೇ ಕೆಲಸ ಬಿಟ್ಟಿದ್ದೀರಿ, ಕೊಡಲಾಗದು’ ಎಂದು ಪತ್ರ ಬಂತು. ಅವಳು ಬಿಟ್ಟಿರಲಿಲ್ಲ. ಮ್ಯಾನೇಜರ್ ಫೋನಿನಲ್ಲಿ ‘ಇನ್ನು ಬರಬೇಡ, ಟೇಕ್ ಕೇರ್’ ಎಂದಿದ್ದ. ಪತ್ರದ ಮೇಲಿದ್ದ ಆಗಸ್ಟ್ ೨೮ರ ತಾರೀಖಿನಿಂದ ಇಪ್ಪತ್ತೊಂದು ದಿನದೊಳಗೆ ಅಪೀಲು ಹೋಗಬೇಕು. ಎರಡೇ ದಿನದಲ್ಲಿ ಬರೆದು, ಕವರಿಗೆ ಸ್ಟಾಂಪೂ ಅಂಟಿಸಿದಳು.

೨. (ಹರಿದು ಹಾಕಿದ ಡ್ರಾಫ್ಟ್.) ವಿಮಾನಗಳು ನಿಂತು ಮಗನ ಮನೆಯಲ್ಲೇ ಉಳಿದುಹೋಗಿದ್ದ ಅತ್ತೆ ಗಂಗಮ್ಮ ಕಣ್ಣು ಕೆಂಪಗೆ ಮಾಡಿ, “ಪಿತೃಪಕ್ಷದಲ್ಲಿ ಯಾವ ಕಾಗದಾನೂ ಕಳಿಸೋ ಹಾಗಿಲ್ಲ” ಎಂದರು...

“ಯಾರು, ನಾನಾ?” ಗಂಗಮ್ಮ ಸೌಟು ಹಿಡಿದೇ ಕಥೆಯೊಳಗಿಂದ ಎದ್ದು ಬಂದರು. “ಏನಮ್ಮಾ ಬರೆಯೋಳೇ, ಅತ್ತೆ ಸಿಕ್ಕಿದ್ಲು ಅಂತ ತಲೆಗೆ ಕಟ್ಟಿಬಿಡೋದಾ? ನನ್ನನ್ನ ಯಾರು ಕೇಳಿದ್ರು?”

ಯಾರೂ ಕೇಳಿರಲಿಲ್ಲ. (ಕೆಟ್ಟ ಅತ್ತೆಯಿದ್ದರೆ ಕಥೆ ಬೇಗ ಸಾಗುತ್ತದೆ. ನನ್ನ ಸೋಮಾರಿತನ, ಕ್ಷಮಿಸಿ.)

೩. ಪಂಚಾಂಗದ ಆ್ಯಪ್ ತೆರೆದವಳು ಭಾನುಮತಿಯೇ. ಪಿತೃಪಕ್ಷ; ಹೊಸದೇನನ್ನೂ ಆರಂಭಿಸಬಾರದು. ಅಮಾವಾಸ್ಯೆಯ ಮರುದಿನವೇ ಗಡುವಿನ ಕೊನೆಯ ದಿನ, ಅಂದು ತಾನೇ ಹೋಗಿ ಕೊಟ್ಟು ಬಂದರಾಯಿತು ಎಂದು ಕವರನ್ನು ದೇವರ ಫೋಟೋದ ಹಿಂದೆ ಇಟ್ಟಳು. ಆ ಮರುದಿನ ನೋಡಿದರೆ ಅಧಿಕ ಮಾಸ! ಇನ್ನೊಂದು ತಿಂಗಳು ಶುಭಕಾರ್ಯವಿಲ್ಲ. ಮೊದಲೇ ಮುನಿಸಿಕೊಂಡಿದ್ದ ಅದೃಷ್ಟವನ್ನು ಕೆಣಕಲು ಅವಳಿಗೆ ಧೈರ್ಯ ಬರಲಿಲ್ಲ. ಗಡುವು ಸದ್ದಿಲ್ಲದೆ ಮುಗಿಯಿತು.

(ನಗಬೇಡಿ. ಆ ವರ್ಷ ನಾವೆಲ್ಲ ಹಾಲಿನ ಡಬ್ಬಿಯನ್ನೂ ಸೋಪು ಹಾಕಿ ತೊಳೆದವರು.)

೪. (ಬಿಟ್ಟಿದ್ದೇನೆ. ಗಂಡ ಶ್ರೀಹರ್ಷ ಬರುತ್ತಾನೆ, ಇಲ್ಲಿನವರಂತೆ ಎಲ್ಲದಕ್ಕೂ ‘ಗ್ರ್ಯಾಂಡ್, ಗ್ರ್ಯಾಂಡ್’ ಎನ್ನುತ್ತಾನೆ, ಇನ್ನೊಂದು ಮೀಟಿಂಗಿಗೆ ಹೋಗುತ್ತಾನೆ.)

೫. ನವರಾತ್ರಿಗೆಂದು ಫೋಟೋ ಒರೆಸುವಾಗ ಕವರು ಗಂಗಮ್ಮನ ಕೈಗೆ ಬಂತು. ಭಾನುಮತಿ ಎಲ್ಲವನ್ನೂ ಹೇಳಿದಳು.

“ಅಲ್ವೇ ಭಾನು, ಇದೇನು ಹೊಸ ಕೆಲಸವಾ? ಹಳೇ ಜಗಳ ಕಣೇ! ಜಗಳಕ್ಕೆ ಯಾರಾದ್ರೂ ಮುಹೂರ್ತ ನೋಡ್ತಾರಾ?”

“ನೀವೇನಾದ್ರೂ ಅಂತೀರೇನೋ ಅಂತ, ಅತ್ತೆ...”

“ಅಂದಿದ್ರೆ ಅನ್ನಿಸ್ಕೋಬೇಕಿತ್ತು.”

ತಕ್ಕ ಕಾರಣವಿದ್ದರೆ ತಡವಾದ ಅಪೀಲನ್ನೂ ನೋಡುತ್ತಾರಂತೆ. ಆದರೆ ಕಾರಣ?

“ಕೋವಿಡ್ ಬಂದಿತ್ತು ಅಂತ ಬರೀಲಾ?”

“ಬಿಡ್ತು ಅನ್ನು! ಬರದೇ ಇರೋದನ್ನ ಕರೀಬೇಡ. ನನ್ನ ಹೆಸರು ಹಾಕು. ಅತ್ತೆ ಬಿಡ್ಲಿಲ್ಲ ಅಂತ ಬರಿ. ಈ ಊರಲ್ಲಿ ನನ್ನನ್ನ ಯಾರು ಹಿಡ್ಕೊಂಡು ಹೋಗ್ತಾರೆ?”

ನಾನು ತಡೆದೆ: ಗಂಗಮ್ಮನವರೇ, ನಾನು ಇದನ್ನೇ ಬರೆದಾಗ ಸೌಟು ತಂದಿದ್ದಿರಲ್ಲ!

“ನೀನು ಹೊರಿಸಿದ್ದೆ. ಇದು ನಾನಾಗಿ ಹೊತ್ಕೊಳ್ತಿರೋದು.”

೬. ಎರಡು ಮುಕ್ತಾಯ ಬರೆದಿಟ್ಟಿದ್ದೆ. ಒಂದರಲ್ಲಿ ಅಪೀಲು ಸ್ವೀಕಾರ, ಇನ್ನೊಂದರಲ್ಲಿ ಇಲ್ಲ. ಭಾನುಮತಿ ಎರಡನ್ನೂ ಪಕ್ಕಕ್ಕೆ ಸರಿಸಿ, ಅತ್ತೆಯ ಹೆಸರನ್ನೂ ಹಾಕದೆ, ತಾನೇ ಬರೆದು ಕಳಿಸಿದಳು: ‘ಹೆದರಿದ್ದೆ. ಅದಕ್ಕೇ ತಡವಾಯಿತು. ಆದರೆ ಕೆಲಸ ಬಿಟ್ಟವಳು ನಾನಲ್ಲ.’

ಉತ್ತರ ಬಂದಿರಬಹುದು. ಬಂದಿದ್ದರೆ ಆ ಕವರಿನ ಮೇಲಿರುವುದು ಅವಳ ಹೆಸರು. ನಾನು ಒಡೆಯುವುದಿಲ್ಲ, ನೀವೂ ಬೆಳಕಿಗೆ ಹಿಡಿದು ನೋಡಬೇಡಿ.