ತಗುಹಿಯ ಹುಬ್ಬು

ತಗುಹಿಗೆ ಆ ಮಧ್ಯಾಹ್ನ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಯೆರೆವಾನಿನ ಚದುರಂಗ ಭವನದಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯುತ್ತಿತ್ತು. ಇನ್ನು ಉಳಿದಿದ್ದು ಎರಡೇ ಸುತ್ತು. ವೇದಿಕೆಯ ಮೇಲೆ ಅವಳ ತಮ್ಮ ವರುಝಾನ್ ಬಿಳಿಕಾಯಿಗಳ ಹಿಂದೆ ಕೂತಿದ್ದ. ಎದುರಿಗೆ ಯೋರಿಸ್ ಎಂಬ ಡಚ್ ಹುಡುಗ. ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮುಂದಿದ್ದವನು ಅವನೇ. ಇವತ್ತು ಅವನನ್ನು ಸೋಲಿಸಿದರೆ ವರುಝಾನ್ ಮೊದಲ ಸ್ಥಾನಕ್ಕೆ ಏರುತ್ತಿದ್ದ.

ಎರಡನೆಯ ಸಾಲಿನ ಅಂಚಿನ ಕುರ್ಚಿ ತಗುಹಿಯದು. ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ವರುಝಾನ್ ಆರು ವರ್ಷದವನಿದ್ದಾಗ ಅಪ್ಪ ಕೆಲಸ ಹುಡುಕಿಕೊಂಡು ರಷ್ಯಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟಿದ್ದ. ಕುದುರೆ ಹೇಗೆ ನೆಗೆಯುತ್ತದೆ, ಕಾಲಾಳು ಹೇಗೆ ಓರೆಯಾಗಿ ಕಡಿಯುತ್ತದೆ ಎಂದು ತಮ್ಮನಿಗೆ ಕಲಿಸಿದವಳು ತಗುಹಿ. ಆಗ ಅವಳು ಊರಿನ ಹುಡುಗಿಯರಲ್ಲಿ ಗಟ್ಟಿ ಆಟಗಾರ್ತಿ. ಆಮೇಲೆ ಶಾಲೆಯಲ್ಲಿ ಚದುರಂಗದ ಟೀಚರ್ ಆದಳು. ಅವಳ ಸ್ವಂತ ಆಟ ನಿಂತಿತು, ತಮ್ಮನದು ಬೆಳೆಯಿತು. ಅವನು ಆಡಿದ ಕಡೆಯೆಲ್ಲ ಅವಳು ಹೋಗಿ ಅವನ ಕಣ್ಣಿಗೆ ಬೀಳುವಂತೆ ಕೂರುತ್ತಿದ್ದಳು.

ಎಂದಿನಂತೆ ಇವತ್ತೂ ಕೂತಿದ್ದಳು. ಆದರೆ ಆಟ ಶುರುವಾಗುವ ಮೊದಲು ಕಾಫಿ ಅಂಗಡಿಯ ಮುಂದೆ ಯೋರಿಸನ ಕೋಚ್ ಸಿಕ್ಕಿದ್ದ. ರಷ್ಯನ್ ಭಾಷೆಯನ್ನು ತೊದಲಿಕೊಂಡು ಆಡುವ ದಪ್ಪ ಮನುಷ್ಯ. ನಗುನಗುತ್ತಲೇ ಒಂದು ಮಾತು ಎಸೆದಿದ್ದ.

"ಮೇಡಂ, ನಿಮ್ಮ ಹುಬ್ಬಿಗೂ ಒಂದು ರೇಟಿಂಗ್ ಕೊಡ್ಬೇಕು ನೋಡಿ. ನಿಮ್ಮ ತಮ್ಮನಿಗಿಂತ ಜಾಸ್ತಿನೇ ಬರುತ್ತೆ."

"ಅಂದ್ರೆ?"

"ಏನಿಲ್ಲಪ್ಪ, ತಮಾಷೆಗೆ ಅಂದೆ."

ತಮಾಷೆಯಲ್ಲ ಅದು. ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ವರುಝಾನ್ ಒಂದು ಕಾಯಿಯ ಮೇಲೆ ಕೈ ಇಡುವ ಮುಂಚೆ ತಲೆಯೆತ್ತಿ ಅವಳನ್ನು ನೋಡುತ್ತಿದ್ದ. ಅವಳು ಏನೂ ಹೇಳುತ್ತಿರಲಿಲ್ಲ, ಹೇಳಬೇಕೆಂದೂ ಇರಲಿಲ್ಲ. ಆದರೆ ಒಳ್ಳೆಯ ನಡೆ ಕಂಡರೆ ಅವಳ ಬಲಹುಬ್ಬು ತಾನಾಗಿ ಮೇಲೇರುತ್ತಿತ್ತು. ಅಕ್ಕ ತಮ್ಮ ಇಬ್ಬರೂ ಅದರ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅವನಿಗೆ ಈಗ ಮೂವತ್ತು ದಾಟಿದೆ, ಗ್ರ್ಯಾಂಡ್‌ಮಾಸ್ಟರ್ ಆಗಿದ್ದಾನೆ. ಈಗಲೂ ನೋಡುತ್ತಾನಾ? ಒಳಗೆ ಬರುವವರ ಫೋನು, ಗಡಿಯಾರ ಎಲ್ಲ ಕಿತ್ತಿಟ್ಟುಕೊಳ್ಳುತ್ತಾರೆ. ಮುಖವನ್ನು ಯಾರು ಕಿತ್ತಿಡುತ್ತಾರೆ?

ಅವಳು ಮುಖವನ್ನು ಬಿಗಿಹಿಡಿದು ಕೂತಳು. ಬಿಗಿಹಿಡಿದಷ್ಟೂ ಕೆನ್ನೆ ಅದುರಿದಂತಾಯಿತು. ಕೈಚೀಲವನ್ನು ತೊಡೆಯಿಂದ ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಮುಂದೆ ಕೂತಿದ್ದವನು ತಿರುಗಿ ಗುರಾಯಿಸಿದ.

ವೇದಿಕೆಯ ಮೇಲೆ ಆಟ ಬಿಗಿಯಾಗುತ್ತಿತ್ತು. ಯೋರಿಸನ ರಾಜ ಬಲಮೂಲೆಯ ಹತ್ತಿರ ಕಾಲಾಳುಗಳ ಹಿಂದೆ ಅಡಗಿದ್ದ. ಅವನಿಗೆ ಕಾವಲಾಗಿ ಒಂದೇ ಒಂದು ಕುದುರೆ. ಕರಿಯ ರಾಣಿ ಎಡಗಡೆ ದೂರದಲ್ಲಿ ಒಂದು ಕಾಲಾಳಿನ ಆಸೆಗೆ ಬಿದ್ದು ಅಲೆಯುತ್ತಿತ್ತು. ಆಗ ತಗುಹಿಗೆ ಕಂಡಿತು. ವರುಝಾನನ ಆನೆ ಆ ಕುದುರೆಯನ್ನು ಹೊಡೆಯಬೇಕು! ಕಾಲಾಳು ಆನೆಯನ್ನು ತಿನ್ನುತ್ತದೆ, ತಿನ್ನಲಿ. ರಾಜನ ಮುಂದಿನ ಗೋಡೆ ಒಡೆಯಿತಲ್ಲ! ಬಿಳಿರಾಣಿ ನುಗ್ಗುತ್ತದೆ, ಹಿಂದೆಯೇ ಒಂಟೆ ಬರುತ್ತದೆ, ಮೂರು ನಡೆಗಳಲ್ಲಿ ಮಾತ್, ರಾಜ ಸೆರೆ, ಆಟ ಮುಗಿಯಿತು.

ಹುಬ್ಬು ಏರಿತು. ಅವಳು ಕೈಯಿಂದ ಹಣೆ ಒತ್ತಿಕೊಳ್ಳುವಷ್ಟರಲ್ಲಿ ವರುಝಾನ್ ತಲೆಯೆತ್ತಿದ. ನೆಟ್ಟಗೆ ಎರಡನೆಯ ಸಾಲಿಗೇ ಅವನ ಕಣ್ಣು ಬಂತು. ಮೂರನೆಯ ಸಾಲಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಕೋಚ್ ಇರಬೇಕು ಎನಿಸಿತು ಅವಳಿಗೆ. ಕೈಚೀಲ ಎತ್ತಿಕೊಂಡು ಎದ್ದೇಬಿಟ್ಟಳು. ಕುರ್ಚಿ ಟಪ್ಪೆಂದು ಮಡಚಿಕೊಂಡ ಸದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು.

ಹೊರಗೆ ಉದ್ಯಾನದಲ್ಲಿ ದೊಡ್ಡ ಪರದೆ ಹಾಕಿದ್ದರು. ಅದರ ಮುಂದೆ ಬೆಂಚುಗಳ ಮೇಲೆ ಊರಿನ ಮುದುಕರ ಸಭೆ. ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗಿಯುತ್ತ, ಒಬ್ಬರ ಮಾತನ್ನೊಬ್ಬರು ಕಡಿಯುತ್ತ ಕೂತಿದ್ದರು. ಅವರ ಹಿರಿಯ ಸೆರೋಬ್, ನಿವೃತ್ತ ಟ್ರಾಲಿ ಬಸ್ ಚಾಲಕ. ಎಲ್ಲರ ಬಾಯಲ್ಲೂ ಅವನು ಹೊಪಾರ್, ಅಂದರೆ ಚಿಕ್ಕಪ್ಪ. ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಸುಳಿವು ದಾಟದಿರಲೆಂದು ಪರದೆಯ ಮೇಲಿನ ಆಟವನ್ನು ಕಾಲು ಗಂಟೆ ತಡಮಾಡಿ ತೋರಿಸುತ್ತಿದ್ದರು.

"ಏನ್ ತಗುಹಿ ಜಾನ್, ಒಳಗೆ ಸೆಖೆನಾ?" ಎಂದ ಸೆರೋಬ್, ಹೆಸರಿನ ಹಿಂದೆ ಅಕ್ಕರೆಯ 'ಜಾನ್' ಸೇರಿಸಿ.

"ಹೂಂ ಹೊಪಾರ್, ಸೆಖೆ."

"ನಿನ್ ತಮ್ಮ ಏನ್ ಯೋಚ್ನೆ ಮಾಡ್ತಿದಾನೆ ಇಷ್ಟೊತ್ತು? ಒಂಟೆ ತಗೊಂಡ್ ಬಂದ್ ಈ ಮನೇಲಿ ಇಡೋಕೆ ಇಷ್ಟು ಟೈಮ್ ಬೇಕಾ? ನನ್ ಬಸ್ಸಿನಲ್ಲಿ ಹೀಗೆ ನಿಂತಿದ್ರೆ ಜನ ಇಳ್ದು ನಡ್ಕೊಂಡ್ ಹೋಗೋರು!"

ಆ ಒಂಟೆ ಎಂದೋ ಬಂದಾಗಿತ್ತು. ಒಳಗೆ ಈಗ ಏನಾಗಿದೆಯೋ! ಆನೆ ಹೊಡೆದಿದ್ದಾನೋ, ಇಲ್ಲವೋ? ಪರದೆ ಮಾತ್ರ ಅವಳು ನೋಡಿಬಿಟ್ಟ ನಡೆಗಳನ್ನೇ ಒಂದೊಂದಾಗಿ ತೋರಿಸುತ್ತ ತೆವಳುತ್ತಿತ್ತು. ಬೆಂಚಿನಲ್ಲಿ ಕೂತಳು, ಎದ್ದಳು. ಕಲ್ಲಿನ ನಲ್ಲಿಗೆ ಬಾಗಿ ನೀರು ಕುಡಿದಳು. ಬಾಯಾರಿಕೆಯೇನೂ ಇರಲಿಲ್ಲ, ಇನ್ನೊಮ್ಮೆ ಹೋಗಿ ಕುಡಿದು ಬಂದಳು.

"ಕೂತ್ಕೊಳ್ಳಮ್ಮ, ನಿನ್ನ ನೋಡ್ತಾ ನೋಡ್ತಾ ನಮಗೇ ತಲೆ ತಿರುಗುತ್ತೆ," ಎಂದು ಇನ್ನೊಬ್ಬ ಮುದುಕ ರೇಗಿದ.

ಕಡೆಗೂ ಆ ಘಟ್ಟ ಪರದೆಗೆ ಬಂತು. ಸೆರೋಬ್ ಬೀಜದ ಪೊಟ್ಟಣ ಬಿಸಾಕಿ ಎದ್ದುನಿಂತ.

"ಆನೆ! ಲೇ ವರುಝಾನ್, ಆನೆ ಕೊಡೋ! ಕುದುರೆ ಹೊಡಿ!"

ಬೆಂಚುಗಳೆಲ್ಲ ಎದ್ದವು. "ಆನೆ! ಆನೆ!" ತಗುಹಿಯ ಎದೆ ಹಗುರವಾಯಿತು. ಹೊಪಾರನಿಗೂ ಕಂಡಿದೆಯೆಂದ ಮೇಲೆ ತಮ್ಮನಿಗೆ ತಾನಾಗಿಯೇ ಕಂಡಿರುತ್ತದೆ. ಅವಳ ಹುಬ್ಬಿನ ಹಂಗೇನೂ ಇಲ್ಲ.

ಪರದೆಯ ಮೇಲೆ ಬಿಳಿರಾಜ ಪಕ್ಕದ ಮನೆಗೆ ಓರೆಯಾಗಿ ಒಂದು ಹೆಜ್ಜೆ ಸರಿದ. ಅಷ್ಟೇ.

"ಏನಿದು?" ಸೆರೋಬ್ ಟೋಪಿ ತೆಗೆದು ನೆಲಕ್ಕೆ ಕುಕ್ಕಿದ. "ರಾಜನ್ನ ವಾಯುವಿಹಾರಕ್ಕೆ ಕರ್ಕೊಂಡ್ ಹೊರಟ! ತಟ್ಟೇಲಿ ಬಡಿಸಿಟ್ಟಿದ್ದನ್ನ ಬಿಟ್ಟು ಎದ್ದ!"

"ಹೆದರ್ಕೊಂಡ. ಮೊದ್ಲಿಂದ್ಲೂ ಪುಕ್ಕಲ."

"ಹೆದ್ರಿಕೆ ಅಲ್ಲ, ಕಾಣ್ಲಿಲ್ಲ ಅವನಿಗೆ."

ತಗುಹಿಯ ಕಣ್ಣು ತುಂಬಿತು. ತಾನು ಎದ್ದು ಬಂದದ್ದಕ್ಕೇ ಹೀಗಾಯಿತು. ಇನ್ನೊಂದು ನಿಮಿಷ ಕೂತಿದ್ದರೆ! ಯಾವನೋ ಒಬ್ಬನ ಮಾತಿಗೆ ಹೆದರಿ ತಮ್ಮನನ್ನು ನಡುನೀರಿನಲ್ಲಿ ಬಿಟ್ಟು ಬಂದೆನಲ್ಲ!

"ಕೊಡಿ ಇಲ್ಲಿ," ಎಂದು ಸೆರೋಬ್ ಬೆಂಚಿನ ಮೇಲೆ ಇಟ್ಟುಕೊಂಡಿದ್ದ ಪುಟ್ಟ ಚದುರಂಗದ ಹಲಗೆ ಎಳೆದುಕೊಂಡು ಕಾಯಿಗಳನ್ನು ಜೋಡಿಸಿದಳು. "ನೋಡಿ, ಆನೆ ಕುದುರೇನ ಹೊಡೀತು. ಕಾಲಾಳು ತಿನ್ನಲೇಬೇಕು—"

"ತಿನ್ನದೇ ಇದ್ರೆ?" ರೇಗಿದ್ದ ಮುದುಕ ಸುಮ್ಮನೆ ಕೆಣಕಿದ.

"ತಿನ್ನದೇ ಇನ್ನೇನ್ ಮಾಡ್ತಾನೆ? ರಾಣೀನ ಎಲ್ಲಿಗೆ..." ಎನ್ನುತ್ತ ಕರಿಯ ರಾಣಿಯನ್ನು ಬೆರಳಲ್ಲಿ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಕೆಳಗಿನ ಸಾಲಿನಲ್ಲಿ ಕಾವಲಿದ್ದದ್ದು ಆ ಆನೆಯೊಂದೇ. ಅದು ಹೊಡೆಯಲು ಹೋದ ಮೇಲೆ ಸಾಲು ಬಟಾಬಯಲು. ಕರಿಯ ರಾಣಿ ಸೀದಾ ಕೆಳಗಿಳಿದು ರಾಜನಿಗೆ ಶಹ ಕೊಡುತ್ತದೆ. ರಾಜ ಸರಿಯುತ್ತಾನೆ. ರಾಣಿ ಆ ಮೂಲೆಯಿಂದ ಓರೆಗೆರೆಯಲ್ಲಿ ಹಿಂದಕ್ಕೆ ಹಾರಿ ತನ್ನ ರಾಜನ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಮಾತ್ ಇಲ್ಲ. ಆನೆ ಮಾತ್ರ ಕಾಲಾಳಿನ ಬಾಯಿಗೆ.

ಅವಳು ಎರಡು ಸಲ, ಮೂರು ಸಲ ಆಡಿಸಿದಳು. ಸೆರೋಬ್ ಬಗ್ಗಿ ನೋಡುತ್ತಿದ್ದವನು ನೆಲದ ಮೇಲಿದ್ದ ಟೋಪಿ ಎತ್ತಿ ಮೆಲ್ಲಗೆ ಕೊಡವಿದ.

"ಅಯ್ಯಯ್ಯೋ," ಎಂದ. "ನಾನಾಗಿದ್ರೆ ಹೊಡೆದೇಬಿಡ್ತಿದ್ದೆ."

"ನಾನೂ ಅಷ್ಟೇ, ಹೊಪಾರ್."

ಹೊಡೆಸಿಯೂಬಿಡುತ್ತಿದ್ದೆ ಎಂಬುದನ್ನು ಅವಳು ಹೇಳಲಿಲ್ಲ. ತಮ್ಮ ಮೊದಲು ರಾಜನನ್ನು ಸರಿಸಿದ್ದರಿಂದ ಇನ್ನು ಮೇಲೆ ಆ ಶಹಕ್ಕೆ ಜಾಗವೇ ಇಲ್ಲ, ಆನೆಯ ಬೆದರಿಕೆ ಈಗ ನಿಜವಾದದ್ದು.

ಯೋರಿಸ್ ತುಂಬಾ ಹೊತ್ತು ಯೋಚಿಸಿದ. ಅವನೂ ಕಂಡುಕೊಂಡ. ಕುದುರೆಯನ್ನು ಹಿಂದಕ್ಕೆ ಕರೆದು, ರಾಜನನ್ನು ಉಳಿಸಿಕೊಳ್ಳಲು ನಡುವಿನ ಕಾಲಾಳನ್ನು ಬಿಟ್ಟುಕೊಟ್ಟ. ರಾಣಿಗಳು ಹೋದವು, ಆನೆ ಮತ್ತು ಕಾಲಾಳುಗಳ ಆಟ ಉಳಿಯಿತು. ವರುಝಾನನಿಗೆ ಒಂದು ಕಾಲಾಳು ಹೆಚ್ಚು. ಎಲೆಗಳ ಮೇಲಿನ ಬಿಸಿಲು ಕೆಂಪಾಗುವವರೆಗೂ ಅವನು ಯೋರಿಸನನ್ನು ಹಿಂಡಿದ. ಕೊನೆಯಲ್ಲಿ ಆತುರಪಟ್ಟು ಒಂದು ಕಾಲಾಳನ್ನು ಮುಂದೆ ತಳ್ಳಿದ. ಯೋರಿಸನ ಆನೆ ಹಿಂದಿನಿಂದ ಶಹದ ಮೇಲೆ ಶಹ ಕೊಟ್ಟು ಪೀಡಿಸತೊಡಗಿತು. ಡ್ರಾ.

ಪರದೆಯಲ್ಲಿ ಡ್ರಾ ಮೂಡುವ ಮೊದಲೇ ವರುಝಾನ್ ಹಿಂಬಾಗಿಲಿನಿಂದ ಹೊರಗೆ ಬಂದಿದ್ದ. ಅಂಗಿಯ ಕಂಕುಳು ಒದ್ದೆ, ಕೂದಲು ಕೆದರಿತ್ತು.

"ಅಕ್ಕ, ತಿನ್ನೋಕೆ ಏನಾದ್ರೂ ಇದ್ಯಾ?"

ಕೈಚೀಲದಿಂದ ಚೀಸ್ ಸುತ್ತಿದ ತೆಳುರೊಟ್ಟಿ ತೆಗೆದುಕೊಟ್ಟಳು. ಅವನು ನಿಂತೇ ತಿಂದ.

"ಗೆಲ್ಲೋ ಆಟ," ಎಂದ ಬಾಯಿ ತುಂಬಿಕೊಂಡು. "ಆ ಕಾಲಾಳು ಮುಟ್ಟಬಾರ್ದಿತ್ತು. ಥೂ."

"ವರುಝ್, ಆ ಶಹ ನಂಗೆ ಕಾಣ್ಲೇ ಇಲ್ಲ."

ಅವನು ಅಗಿಯುವುದನ್ನು ನಿಲ್ಲಿಸಿದ. "ಗೊತ್ತು. ಆನೆ ಹೊಡಿ ಅಂತ ನಿನ್ನ ಮುಖದ ಮೇಲೆ ಬೋರ್ಡ್ ಹಾಕಿತ್ತು. ನಾನು ಕೈನೂ ಚಾಚಿದ್ದೆ. ಅಷ್ಟರಲ್ಲಿ ನೀನು ಎದ್ದು ಹೋದೆ. ಇಷ್ಟು ಗಟ್ಟಿ ಗೊತ್ತಿದ್ದೋಳು ಯಾಕೆ ಓಡಿ ಹೋದ್ಲು ಅಂತ ಅನುಮಾನ ಬಂತು. ಕೈ ಹಿಂದಕ್ಕೆ ತಗೊಂಡು ಇನ್ನೊಂದ್ಸಲ ನೋಡ್ದೆ."

"ಅಂದ್ರೆ ಈಗ್ಲೂ ನನ್ನ ನೋಡ್ತೀಯ."

"ನೋಡ್ತೀನಿ." ಅವನ ಕಿವಿ ಕೆಂಪಾಯಿತು. "ನಾಳೆ ಒಳಗೆ ಬರ್ಬೇಡ."

"ನಿಂಗೆ ಕುದುರೆ ನಡೆಸೋದು ಕಲಿಸಿದ್ದು ಯಾರೋ, ಕತ್ತೆ?"

"ನೀನೇ. ಅದಕ್ಕೇ ಹೇಳ್ತಿರೋದು. ನೀನು ಅಲ್ಲಿದ್ರೆ ನಾನು ಇನ್ನೂ ಆರು ವರ್ಷದೋನೇ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಮನೆಯ ದಾರಿ ಹಿಡಿದಳು. ಬೇಕೆಂದೇ ಎರಡು ಹೆಜ್ಜೆ ಮುಂದೆ ನಡೆದಳು. ಅವನು ಹಿಂದೆ ಬರುತ್ತಿದ್ದಾನೋ ಇಲ್ಲವೋ ಎಂದು ನಡುನಡುವೆ ಕಿವಿಗೊಟ್ಟಳು. ಬರುತ್ತಿದ್ದ.

ಮರುದಿನ ವರುಝಾನ್ ಕರಿಕಾಯಿಗಳಲ್ಲಿ ಆಡಿದ. ತಗುಹಿ ಸೆರೋಬನ ಪಕ್ಕ ಬೆಂಚಿನ ಮೇಲೆ ಕೂತಳು, ನಿಂತಳು, ಮತ್ತೆ ಕೂತಳು. ಬೀಜ ತಿಂದು ತಿಂದು ನಾಲಿಗೆ ಉಪ್ಪಾಯಿತು. ತಮ್ಮ ರಾಣಿಯನ್ನು ಅವಳಿಗೆ ಒಪ್ಪಿಗೆಯಾಗದ ಮನೆಗೆ ತಂದಾಗ ಸುತ್ತಲಿನ ಮುದುಕರೆಲ್ಲ ತಿರುಗಿ ನೋಡುವಂತೆ ಕೂಗಿದಳು:

"ಅಲ್ಲಲ್ಲ, ಅಲ್ಲಿ ಬೇಡ ಕಣೋ, ದಡ್ಡ!"

"ಕೂಗಮ್ಮ, ಕೂಗು," ಎಂದ ಸೆರೋಬ್, ಬೀಜದ ಪೊಟ್ಟಣವನ್ನು ಅವಳ ಕಡೆಗೆ ಸರಿಸುತ್ತ. "ಇಲ್ಲಿಂದ ಎಷ್ಟು ಕೂಗಿದ್ರೂ ಅವನಿಗೆ ಕೇಳ್ಸಲ್ಲ."