ಕುರ್ಚಿ ಸಮೇತ ಮದುವೆಗೆ

ನಾನೂ ಅನ್ಸುಮಾನಾ ಬಾಜಿಯೂ ಲಿಬಿಯಾದಿಂದ ಒಂದೇ ವಿಮಾನದಲ್ಲಿ ವಾಪಸ್ ಬಂದವರು. ಯೂರೋಪು ಮುಟ್ಟಲಿಲ್ಲ. ದೋಣಿ ಹತ್ತುವ ಮೊದಲೇ ಸಿಕ್ಕಿಬಿದ್ದು ಏಳು ತಿಂಗಳು ಒಂದು ಗೋದಾಮಿನಲ್ಲಿ ಬಂದಿಗಳಾಗಿದ್ದೆವು. ನಮ್ಮ ದೇಶದ ರಾಜಧಾನಿ ಬಂಜುಲ್‌ನಲ್ಲಿ ಇಳಿದಾಗ ಕೈಯಲ್ಲಿದ್ದದ್ದು ತಲಾ ಒಂದು ಪ್ಲಾಸ್ಟಿಕ್ ಚೀಲ. ಅವನು ಜೋಲಾ, ನಾನು ಸೆರೇರ್. ಈ ಎರಡು ಕುಲದವರು ಎದುರಾದರೆ ಒಬ್ಬರನ್ನೊಬ್ಬರು ಗೇಲಿ ಮಾಡಲೇಬೇಕು. ಮಾಡದಿದ್ದರೆ ಮೈಯಲ್ಲಿ ಹುಷಾರಿಲ್ಲ ಅಂತ ಅರ್ಥ.

ಮರಳಿ ಬಂದವರಿಗೆ ನೆರವಾಗುವ ಕಚೇರಿಯವರು ಐದು ದಿನ ವ್ಯಾಪಾರದ ಪಾಠ ಹೇಳಿದರು. ಆಮೇಲೆ ಕೈಗೆ ದುಡ್ಡಲ್ಲ, ಸಾಮಾನು ಕೊಡಿಸುತ್ತಾರೆ. ಉಳಿದವರು ಕೋಳಿಮರಿ, ಹೊಲಿಗೆ ಯಂತ್ರ ಅಂದರು. ನಾವಿಬ್ಬರೂ ಕೂಡಿ, ಬಾಡಿಗೆಗೆ ಬಿಡಲು ಕುರ್ಚಿ ಕೇಳಿದೆವು.

"ಕುರ್ಚೀನೇ ಯಾಕಪ್ಪಾ?" ಎಂದರು ಅಲ್ಲಿನ ಹಾಜಾ ಮೇಡಂ.

"ಏಳು ತಿಂಗಳು ಸಿಮೆಂಟ್ ನೆಲದ ಮೇಲೆ ಕೂತಿದ್ವಿ ಮೇಡಂ," ಅಂದ ಅನ್ಸುಮಾನಾ.

ಮೇಡಂ ಕೂಡಲೇ ಬರೆದುಕೊಂಡರು. ತಿಂಗಳೊಳಗೆ ನಮ್ಮ ಗುಂಜೂರಿಗೆ ನೂರೈವತ್ತು ಹಸಿರು ಕುರ್ಚಿ ಬಂದಿಳಿದವು. ಕೇರಿಯವರೆಲ್ಲ ಒಂದೊಂದರಲ್ಲೂ ಕೂತು ನೋಡಿ ಹೋದರು.

ಮೊದಲ ಗಿರಾಕಿ ಯಾಸಿನ್ ಅಜ್ಜಿ. ಮರಿಮಗನ ನಾಮಕರಣಕ್ಕೆ ನೂರೈವತ್ತೂ ಬೇಕೆಂದಳು. ಭಾನುವಾರ ಬೆಳಿಗ್ಗೆ ಹೆಸರಿಟ್ಟಾಯಿತು, ಡೋಲಿನವರು ಬಂದರು, ಬೆನಾಚಿನ್ ಅನ್ನದ ಕಡಾಯಿಗಳು ಖಾಲಿಯಾಗುತ್ತಿದ್ದವು. ಅಷ್ಟರಲ್ಲಿ ಅನ್ಸುಮಾನಾ ಓಡುತ್ತಾ ಬಂದ.

"ಬಿರಾಮ, ಲಾರಿ ಬಂತು! ಕುರ್ಚಿ ಎತ್ತು, ಸನ್ಯಾಂಗ್‌ನಲ್ಲಿ ಮದುವೆ ಇದೆ."

"ಯಾವ ಮದುವೆ?"

"ನಾನು ಒಪ್ಕೊಂಡಿರೋ ಮದುವೆ. ನೂರೈವತ್ತು ಕುರ್ಚಿ."

"ಇಲ್ಲಿ ಊಟಾನೇ ಮುಗಿದಿಲ್ವಲ್ಲೋ! ನಂಗೆ ಯಾಕೆ ಹೇಳ್ಲಿಲ್ಲ?"

"ನಾಮಕರಣ ಅಂದ್ರೆ ಬೆಳಿಗ್ಗೆ ಮುಗಿಯುತ್ತೆ ಅನ್ಕೊಂಡೆ ಕಣೋ!"

ಐದು ದಿನದ ಪಾಠದಲ್ಲಿ ಇದಕ್ಕೆ ಯಾರೂ ಉತ್ತರ ಹೇಳಿಕೊಟ್ಟಿರಲಿಲ್ಲ.

"ಏನೋ ಜೋಲಾ, ಯಾಕೋ ಹಿಂಗೆ ಬೆವರ್ತಿದ್ದೀಯಾ?" ಕೂತಲ್ಲಿಂದಲೇ ಕೂಗಿದಳು ಯಾಸಿನ್ ಅಜ್ಜಿ. "ಅನ್ನ ಖಾಲಿಯಾಯ್ತು ಅಂತ ಹೆದರಿಕೆನಾ?"

ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಜ್ಜೀ, ಕುರ್ಚಿ ಬೇಕಿತ್ತು."

"ಸಾಯಂಕಾಲದವರೆಗೂ ನಾನು ಏಳಲ್ಲ. ನೀನು ನನ್ನ ಏಳಿಸೋಷ್ಟು ದೊಡ್ಡವನಾದ್ಯಾ?"

"ಏಳಬೇಡಿ. ಕುರ್ಚಿ ಸಮೇತ ಹೊತ್ಕೊಂಡು ಹೋಗ್ತೀವಿ."

ಅಜ್ಜಿ ಕಣ್ಣು ಕಿರಿದು ಮಾಡಿದಳು.

"ಎಲ್ಲಿಗೆ?"

"ಮದುವೆಗೆ."

"ಊಟ ಉಂಟಾ?"

"ಎರಡು ಹೋರಿ ಕಡಿದಿದ್ದಾರಂತೆ."

"ಮತ್ತೇನು ನೋಡ್ತಾ ನಿಂತಿದ್ದೀಯಾ? ಹೊರು!"

ನಾಲ್ಕು ಜನ ಅವಳನ್ನು ಕುರ್ಚಿ ಸಮೇತ ಲಾರಿಗೇರಿಸಿ ಹಗ್ಗ ಬಿಗಿದೆವು. ಅಜ್ಜಿ ಹೋದಮೇಲೆ ಉಳಿದವರು ಬಿಡುತ್ತಾರೆಯೇ? ಹೆಂಗಸರು ಹತ್ತಿದರು, ಡೋಲಿನವರು ಹತ್ತಿದರು. ಲಾರಿ ಮೂರು ಸಲ ಓಡಾಡಬೇಕಾಯಿತು. ಮಗುವನ್ನೂ ಬಾಣಂತಿಯನ್ನೂ ಮಾತ್ರ ಮನೆಯಲ್ಲಿ ಬಿಟ್ಟೆವು. ಪಾಪ, ಎಂಟು ದಿನದಲ್ಲಿ ಅವಳಿಗೆ ಸಿಕ್ಕ ಮೊದಲ ನಿದ್ದೆ ಅದು.

ದಾರಿಯಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದ.

"ಏನಿದೆ ಲಾರೀಲಿ?"

"ಕುರ್ಚಿ ಸಾರ್."

"ಮತ್ತೆ ಈ ಜನ?"

"ಕುರ್ಚೀಲಿ ಕೂತಿರೋರು ಸಾರ್."

ಅವನು ನಗು ತಡೆಯಲಾರದೆ ಕೈಬೀಸಿ ಬಿಟ್ಟ.

ಸನ್ಯಾಂಗ್‌ನಲ್ಲಿ ಮದುಮಗಳ ತಂದೆ ಕೆಬ್ಬಾ ತಲೆಮೇಲೆ ಕೈ ಹೊತ್ತು ನಿಂತಿದ್ದ. ಅವನ ನೆಂಟರು ಮಾವಿನ ಮರದಡಿ ನಿಂತೇ ಇದ್ದರು.

"ಕುರ್ಚಿ ಕೇಳಿದ್ರೆ ಊರನ್ನೇ ತಂದಿದ್ದೀರಲ್ರೋ! ನನ್ನ ನೆಂಟರು ಎಲ್ಲಿ ಕೂರ್ಬೇಕು?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಲಾರಿಯಿಂದಲೇ ಗದರಿದಳು: "ಮದುವೆ ಮನೇಲಿ ಯಾರಯ್ಯಾ ಕೂರೋದು? ಬಾರಿಸ್ರೋ ಡೋಲು!"

ಡೋಲು ಬಿತ್ತು. ಇಳಿಸಿದ ಕೂಡಲೇ ಅಜ್ಜಿಯೇ ಮೊದಲು ಎದ್ದು ಹೆಗಲ ವಸ್ತ್ರ ಸೊಂಟಕ್ಕೆ ಕಟ್ಟಿ ಕುಣಿದಳು. ಅವಳ ಹಿಂದೆ ನಮ್ಮ ಹೆಂಗಸರು, ಅವರ ಹಿಂದೆ ಕೆಬ್ಬಾನ ನೆಂಟರು, ಕೊನೆಗೆ ಕೆಬ್ಬಾನೂ. ನೂರೈವತ್ತು ಕುರ್ಚಿಗಳೂ ಖಾಲಿ. ಸುಸ್ತಾದವರು ಕೂತರು, ಸುಧಾರಿಸಿಕೊಂಡವರು ಎದ್ದರು. ನಾನೂ ಅನ್ಸುಮಾನಾನೂ ಕೈಕೈ ಹಿಡಿದು ಹುಚ್ಚರ ಹಾಗೆ ಗಿರಗಿರನೆ ತಿರುಗಿದೆವು.

ಸಂಜೆ ಲಾರಿಯ ಹಿಂಬದಿಯಲ್ಲಿ ಒತ್ತಿಕೊಂಡು ಕೂತು ಹಿಂದಿರುಗಿದೆವು. ಮರುಭೂಮಿ ದಾಟುವಾಗಲೂ ನಾವಿಬ್ಬರೂ ಹೀಗೇ ಒಂದು ಲಾರಿಯಲ್ಲಿ ಒತ್ತಿಕೊಂಡು ಕೂತಿದ್ದೆವು. ಆಗ ಯಾರೂ ಹಾಡಿರಲಿಲ್ಲ. ಈಗ ಲಾರಿಗೆ ಲಾರಿಯೇ ಹಾಡುತ್ತಿತ್ತು, ನಕ್ಕೂ ನಕ್ಕೂ ನನ್ನ ಪಕ್ಕೆ ನೋಯುತ್ತಿತ್ತು.

"ಏ ಜೋಲಾ," ಅಂದಳು ಅಜ್ಜಿ, "ಮುಂದಿನ ಭಾನುವಾರ ಯಾರ ಮನೇದು?"

"ಇಬ್ರು ಕೇಳಿದ್ದಾರಜ್ಜಿ. ಯಾರಿಗೆ ಇಲ್ಲ ಅನ್ನೋದೋ ಗೊತ್ತಾಗ್ತಿಲ್ಲ."

"ಇಲ್ಲ ಅನ್ನೋದ್ಯಾಕೆ? ಇಬ್ರದ್ದೂ ಒಪ್ಕೋ!"